ಗಂಟೆ ಎಷ್ಟು ಮಾರಾಯ್ರೇ?

ಶುಕ್ರವಾರ ಹತ್ತೂವರೆಯಿಂದ ಹನ್ನೆರಡರ ತನಕ ರಾಹುಕಾಲ. ಇದು ಊರಿನ ಅಜ್ಜಂದಿರಿಗೆ ಮಾತ್ರ ಗೊತ್ತಿರುವ ವಿಷಯ ಅಂತ ನೀವು ತಿಳಿದಿದ್ದರೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳನ್ನು ಹೊರಗಿನಿಂದ ಮಾತ್ರ ನೋಡಿದ್ದೀರಿ. ನನಗೆ ಪರಿಚಯದ ಮ್ಯಾನೇಜರ್ ಒಬ್ಬರಿದ್ದಾರೆ. ಎರಡು ಡಿಗ್ರಿ, ಮೂರು ದೇಶದ ವೀಸಾ, ಕೈಯಲ್ಲಿ ಸ್ಮಾರ್ಟ್‌ವಾಚು. ರಾಹುಕಾಲದಲ್ಲಿ ಮಾತ್ರ ಪ್ರೊಡಕ್ಷನ್ ಸರ್ವರ್ ಮುಟ್ಟುವುದಿಲ್ಲ. ಕೇಳಿದರೆ, "ನಂಬಿಕೆ ಗಿಂಬಿಕೆ ಏನಿಲ್ಲ ರೀ, ಸುಮ್ಮನೆ ಯಾಕೆ ರಿಸ್ಕು" ಅನ್ನುತ್ತಾರೆ. ಒಂದು ಶುಕ್ರವಾರ ಹನ್ನೆರಡಾಗುವುದನ್ನೇ ಕಾದು ಕೂತು, ಶಾಸ್ತ್ರಕ್ಕೆ ಮತ್ತೈದು ನಿಮಿಷ ಬಿಟ್ಟು, ಹೊಸ ಆವೃತ್ತಿಯನ್ನು ಏರಿಸಿದರು. ಸಂಜೆ ಏನೋ ಎಡವಟ್ಟಾಗಿ ಲಾಗ್ ತೆಗೆದು ನೋಡಿದರೆ, ಸರ್ವರ್ ತನ್ನ ಕಡತದಲ್ಲಿ ಬರೆದುಕೊಂಡಿದ್ದು 11 ಗಂಟೆ 52 ನಿಮಿಷ! ಸಾಹೇಬರು ಆವತ್ತು ಸಂಜೆಯ ಕಾಫಿ ಕುಡಿಯಲಿಲ್ಲ.

ಸರ್ವರ್ ಸುಳ್ಳು ಹೇಳಿರಲಿಲ್ಲ, ಪಾಪ. ಅದರ ಲೆಕ್ಕದಲ್ಲಿ ಗಂಟೆ ಅಷ್ಟೇ ಆಗಿತ್ತು. ಯಾಕೆಂದರೆ ಅದು ಕಬ್ಬಿಣದ ಪೆಟ್ಟಿಗೆಯ ಸರ್ವರ್ ಅಲ್ಲ, ವಿಎಂ. ಅಂದರೆ ವರ್ಚುವಲ್ ಮಷೀನು. ದೊಡ್ಡ ಪೆಟ್ಟಿಗೆಯೊಂದು ಹೋಸ್ಟ್. ಅದರೊಳಗೆ ಇಪ್ಪತ್ತೋ ಮೂವತ್ತೋ ಗೆಸ್ಟ್‌ಗಳು. ಒಂದೊಂದಕ್ಕೂ ಇಡೀ ಪೆಟ್ಟಿಗೆ ತನ್ನಪ್ಪನ ಆಸ್ತಿ ಎಂಬ ಭ್ರಮೆ. ಈ ಭ್ರಮೆ ಒಡೆಯದ ಹಾಗೆ ಹಗಲೂ ರಾತ್ರಿ ಕಾಯುವವನು ಹೈಪರ್‌ವೈಸರ್. ಪ್ರೊಸೆಸರನ್ನು ಒಂದಿಷ್ಟು ಮಿಲಿಸೆಕೆಂಡು ಇವನಿಗೆ, ಒಂದಿಷ್ಟು ಅವನಿಗೆ ಅಂತ ಹಂಚುತ್ತಾ ಇರುತ್ತಾನೆ. ಸರದಿ ಇಲ್ಲದ ಹೊತ್ತಿನಲ್ಲಿ ಗೆಸ್ಟ್ ನಿಂತಲ್ಲೇ ನಿಲ್ಲುತ್ತದೆ. ತಾನು ನಿಂತಿದ್ದೆ ಅನ್ನುವುದೂ ಅದಕ್ಕೆ ಗೊತ್ತಾಗುವುದಿಲ್ಲ. ಮೆಮೊರಿ, ಡಿಸ್ಕು, ನೆಟ್‌ವರ್ಕ್ ಕಾರ್ಡು ಎಲ್ಲವನ್ನೂ ಸುಳ್ಳುಸುಳ್ಳಾಗಿ ಕೊಟ್ಟು ನಂಬಿಸಬಹುದು. ಗಂಟೆಯ ವಿಷಯದಲ್ಲಿ ಮಾತ್ರ ಸುಳ್ಳು ನಡೆಯುವುದಿಲ್ಲ, ಏಕೆಂದರೆ ಅದನ್ನು ಹೊರಗಿನವರ ಗಡಿಯಾರದ ಜೊತೆ ಯಾರು ಬೇಕಾದರೂ ತಾಳೆ ನೋಡಬಹುದು.

ಹೀಗೇ ಆಗುತ್ತದೆ ಅಂತ ದೊಡ್ಡವರಿಗೆ ಮೊದಲೇ ಗೊತ್ತಿತ್ತು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬಿಬ್ಬರು ವಿಎಂ ಅಂದರೆ ಹೇಗಿರಬೇಕು ಎಂದು ಸೂತ್ರ ಬರೆದರು. ಒಳಗೆ ಓಡುವ ಪ್ರೋಗ್ರಾಮು ನಿಜವಾದ ಯಂತ್ರದಲ್ಲಿ ಓಡಿದ ಹಾಗೇ ಓಡಬೇಕು ಎನ್ನುವುದು ಅದರಲ್ಲಿ ಮುಖ್ಯ ಷರತ್ತು. ಜೊತೆಗೊಂದು ವಿನಾಯಿತಿ: ಸಮಯವನ್ನು ಅವಲಂಬಿಸಿದ ವ್ಯತ್ಯಾಸಗಳನ್ನು ಮತ್ತು ಸಂಪನ್ಮೂಲದ ಕೊರತೆಯಿಂದ ಆಗುವಂಥವನ್ನು ಬಿಟ್ಟು! ವಿದ್ವಾಂಸರು ಅರ್ಧ ಸಾಲಿನಲ್ಲಿ ಕೈ ತೊಳೆದುಕೊಂಡದ್ದನ್ನು ಮುಂದಿನ ಐವತ್ತು ವರ್ಷ ಸಿಸ್ಟಂ ಅಡ್ಮಿನ್‌ಗಳು ರಾತ್ರಿಪಾಳಿಯಲ್ಲಿ ತೊಳೆಯುತ್ತಾ ಬಂದಿದ್ದಾರೆ.

ಹಳೆಯ ಆಪರೇಟಿಂಗ್ ಸಿಸ್ಟಂಗಳು ಗಂಟೆ ತಿಳಿಯುತ್ತಿದ್ದ ರೀತಿ ನಮ್ಮ ಸಾಗರದ ಕಡೆಯ ಅಡಿಕೆ ಮಂಡಿಯ ಗುಮಾಸ್ತನದ್ದು. ಹಮಾಲರು ಮೂಟೆ ಇಳಿಸುತ್ತಾರೆ, ಗುಮಾಸ್ತ ಮೂಟೆಗೊಂದು ಗೀಟು ಎಳೆಯುತ್ತಾನೆ, ಕೊನೆಗೆ ಗೀಟು ಎಣಿಸಿದರೆ ಲೆಕ್ಕ. ಕಂಪ್ಯೂಟರಿನಲ್ಲಿ ಮೂಟೆ ಇಳಿಸುವುದು ಟೈಮರ್ ಚಿಪ್ಪು. ಸೆಕೆಂಡಿಗೆ ಇಷ್ಟು ಸಲ ಅಂತ ಅದು ಪ್ರೊಸೆಸರನ್ನು ತಟ್ಟುತ್ತದೆ. ಒಂದೊಂದು ತಟ್ಟು ಒಂದೊಂದು ಟಿಕ್. ಬೂಟ್ ಆಗುವಾಗ ಬ್ಯಾಟರಿ ಗಡಿಯಾರವನ್ನು ಒಂದು ಸಲ ನೋಡಿಕೊಂಡು, ಆಮೇಲೆ ಬರೀ ಟಿಕ್ ಎಣಿಸುತ್ತಾ ಹೋಗುವುದು. ಯಂತ್ರ ಒಂದೇ, ಒಡೆಯ ಒಬ್ಬನೇ ಇದ್ದಾಗ ಇದರಲ್ಲಿ ತಪ್ಪೇನಿಲ್ಲ. ಸ್ಫಟಿಕ ಅಗ್ಗದ್ದಾದರೆ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಆಚೀಚೆ ಆದೀತು, ಅಂದರೆ ದಿನಕ್ಕೆ ಸುಮಾರು 1.7 ಸೆಕೆಂಡು. ಮದುವೆ ಮುಹೂರ್ತಕ್ಕೂ ಅಷ್ಟು ನಿಖರತೆ ಯಾರೂ ಕೇಳುವುದಿಲ್ಲ.

ಆ ಟೈಮರ್ ಚಿಪ್ಪಿನ ಕತೆಯೂ ಒಂದು ತಮಾಷೆ. 1981ರ ಐಬಿಎಂ ಪಿಸಿಯಲ್ಲಿ ಕೂತ ಇಂಟೆಲ್ 8253 ಓಡುತ್ತಿದ್ದದ್ದು ಸೆಕೆಂಡಿಗೆ 11,93,182 ಸಲದ ವೇಗದಲ್ಲಿ. ಇದೆಂಥ ಸಂಖ್ಯೆ, ಯಾವ ಜ್ಯೋತಿಷಿ ಕೊಟ್ಟದ್ದು ಅಂತ ಹುಡುಕಿದರೆ ಮೂಲ ಸಿಗುವುದು ಅಮೆರಿಕದ ಕಲರ್ ಟಿವಿಯಲ್ಲಿ. ಟಿವಿಯ ಬಣ್ಣದ ಸಂಕೇತಕ್ಕೆ ಹೊಂದುವ 14.31818 ಮೆಗಾಹರ್ಟ್ಸ್ ಸ್ಫಟಿಕ ಅಗ್ಗವಾಗಿ ಸಿಗುತ್ತಿತ್ತು. ಅದನ್ನೇ ತಂದು ಹನ್ನೆರಡರಿಂದ ಭಾಗಿಸಿದರು. ಇವತ್ತಿಗೂ ಕ್ಲೌಡಿನಲ್ಲಿರುವ ಎಷ್ಟೋ ವಿಎಂಗಳಲ್ಲಿ ಈ ಚಿಪ್ಪಿನ ನಕಲೊಂದು, ಟಿವಿ ಇಲ್ಲ, ಬಣ್ಣ ಇಲ್ಲ, ಸ್ಫಟಿಕವೂ ಇಲ್ಲ, ಆದರೂ ಅದೇ ಸಂಖ್ಯೆ ಹಿಡಿದುಕೊಂಡು ಕೂತಿದೆ. ನಮ್ಮಲ್ಲಿ ಕೆಲವು ಸರ್ಕಾರಿ ನಮೂನೆಗಳ ಹಣೆಬರಹವೂ ಇಷ್ಟೇ, ಅದಿರಲಿ.

ಈಗ ಗುಮಾಸ್ತನಿಗೆ ಬರೋಣ. ವಿಎಂ ಒಳಗೆ ಆತ ಆಗಾಗ ನಿದ್ದೆ ಹೋಗುತ್ತಾನೆ. ಅವನಿಗೇನು ನಿದ್ದೆಯ ಚಟ ಇಲ್ಲ. ಹೈಪರ್‌ವೈಸರ್ ಅವನ ಕುರ್ಚಿಯನ್ನು ಬೇರೆಯವನಿಗೆ ಕೊಟ್ಟಿರುತ್ತಾನೆ. ಆ ಹೊತ್ತಿನಲ್ಲಿ ಇಳಿದ ಮೂಟೆಗೆ ಗೀಟಿಲ್ಲ. ಹೋಸ್ಟ್ ಮೇಲೆ ಹೊರೆ ಹೆಚ್ಚಾದಷ್ಟೂ ಗೀಟು ಕಡಿಮೆ, ಗಡಿಯಾರ ಹಿಂದೆ. ಲಿನಕ್ಸ್ 2.4ರ ಕಾಲದಲ್ಲಿ ಸೆಕೆಂಡಿಗೆ ನೂರು ಟಿಕ್ ಇದ್ದವು, ಹೇಗೋ ನಡೆಯುತ್ತಿತ್ತು. 2003ರ ಕೊನೆಗೆ ಬಂದ 2.6ರಲ್ಲಿ ಅದನ್ನು ಸಾವಿರಕ್ಕೆ ಏರಿಸಿದರು. ಡೆಸ್ಕ್‌ಟಾಪ್ ಚುರುಕಾಗಲಿ ಅನ್ನುವುದು ಉದ್ದೇಶ, ಒಳ್ಳೆಯದೇ. ಆದರೆ ಒಂದೇ ಹೋಸ್ಟ್ ಮೇಲೆ ಮೂವತ್ತು ಗೆಸ್ಟ್ ಇದ್ದರೆ ಬರೀ "ಗಂಟೆ ಎಷ್ಟು" ಅಂತ ತಿಳಿಯುವುದಕ್ಕೇ ಸೆಕೆಂಡಿಗೆ ಮೂವತ್ತು ಸಾವಿರ ತಟ್ಟು! ಕೆಲಸ ಏನೂ ಇಲ್ಲದ, ಸುಮ್ಮನೆ ಕೂತ ವಿಎಂಗಳೂ ಪ್ರೊಸೆಸರ್ ತಿನ್ನತೊಡಗಿದವು. 2005ರಲ್ಲಿ 2.6.13 ಬಂದಾಗ ಸಾವಿರವನ್ನು 250ಕ್ಕೆ ಇಳಿಸಿ ಎಲ್ಲರೂ ನಿಟ್ಟುಸಿರು ಬಿಟ್ಟರು.

ಇಲ್ಲಿಂದ ಶುರುವಾಯಿತು ನೋಡಿ ರಿಪೇರಿಯವರ ಜಾತ್ರೆ. ವಿಎಂ ಗಡಿಯಾರ ಕೆಡುವುದಕ್ಕೆ ರಿಪೇರಿ ಸಾಲದ್ದು ಕಾರಣ ಅಂತ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಮುಕ್ಕಾಲು ಪಾಲು ಕೆಡುವುದು ಇಬ್ಬರು ಮೂವರು ಸೇರಿ ರಿಪೇರಿ ಮಾಡುವುದರಿಂದ.

ಮೊದಲನೆಯ ರಿಪೇರಿಯವನು ಸಾಕ್ಷಾತ್ ಹೈಪರ್‌ವೈಸರ್. ವಿಎಂವೇರ್‌ನಂಥವು ಗೆಸ್ಟ್ ಎದ್ದ ಕೂಡಲೇ ಬಾಕಿ ಉಳಿದ ಟಿಕ್‌ಗಳನ್ನು ಬೇಗಬೇಗ ಅದರ ಮುಂದೆ ಸುರಿಯುತ್ತಿದ್ದವು: ತಗೋ, ನೀನು ಮಲಗಿದ್ದಾಗ ಬಂದ ಮೂಟೆ ಇವು, ಗೀಟು ಎಳೆ. ಬುದ್ಧಿವಂತಿಕೆಯ ಕ್ರಮ. ಆದರೆ 2.6ರ ಲಿನಕ್ಸ್ ಕರ್ನಲ್ ತಾನೂ ಬುದ್ಧಿವಂತ. ಅದು ಪ್ರೊಸೆಸರಿನ ಒಳಗಿನ ಎಣಿಕೆಯನ್ನು ನೋಡಿ, "ಓಹೋ, ನಡುವೆ ಇಷ್ಟು ಟಿಕ್ ಕಳೆದುಹೋಗಿವೆ" ಅಂತ ತನ್ನಷ್ಟಕ್ಕೆ ಸೇರಿಸಿಕೊಂಡಿರುತ್ತಿತ್ತು. ಮೇಲೆ ಹೈಪರ್‌ವೈಸರನ ಬಾಕಿ ಮೂಟೆಗಳೂ ಬಂದು ಬೀಳುತ್ತಿದ್ದವು. ಒಂದೇ ಮೂಟೆಗೆ ಎರಡು ಗೀಟು. ನಿನ್ನೆ ತನಕ ಹಿಂದೆ ಬೀಳುತ್ತಿದ್ದ ಗಡಿಯಾರ ಇವತ್ತು ಹೊರಗಿನ ಲೋಕಕ್ಕಿಂತ ಮುಂದೆ ಓಡತೊಡಗಿತು.

ಇದಕ್ಕೆ ಮದ್ದು ಕರ್ನಲ್ ಬೂಟ್ ಸಾಲಿನಲ್ಲಿ ಬರೆಯುವ ಮಂತ್ರಗಳು. ಕ್ಲಾಕ್=ಪಿಐಟಿ, ನೋಟಿಎಸ್‌ಸಿ, ನೋಎಪಿಕ್, ರೆಡ್‌ಹ್ಯಾಟ್ ಆದರೆ ಡಿವೈಡರ್=10. ಕೊನೆಯದರ ಅರ್ಥ ಸಾವಿರ ಟಿಕ್ಕನ್ನು ನೂರಕ್ಕೆ ಇಳಿಸು ಅಂತ. ಯಾವ ಕರ್ನಲ್‌ಗೆ ಯಾವ ಮಂತ್ರ ಅಂತ ಕೋಷ್ಟಕಗಳೇ ಇದ್ದವು. 32 ಬಿಟ್‌ಗೆ ಒಂದು, 64 ಬಿಟ್‌ಗೆ ಇನ್ನೊಂದು. ನೀವು ಈಗಲೂ ಯಾವುದೇ ಹಳೆಯ ಕಂಪನಿಯ ಡೇಟಾಸೆಂಟರಿಗೆ ಹೋಗಿ ನೋಡಿ, ಒಬ್ಬ ಹಿರಿಯ ಅಡ್ಮಿನ್ ಸಿಗುತ್ತಾನೆ. ನಿನ್ನೆ ಮೊನ್ನೆ ಹುಟ್ಟಿದ ಕರ್ನಲ್‌ಗೂ ಅದೇ ನೋಟಿಎಸ್‌ಸಿ, ಅದೇ ಡಿವೈಡರ್ ಅಂಟಿಸುತ್ತಾನೆ. "ಇದು ಯಾಕೆ ಸಾರ್?" ಅಂತ ಹೊಸ ಹುಡುಗಿ ಕೇಳಿದರೆ, "ಅದು ಇರಲಿ ಬಿಡಮ್ಮಾ, ತೆಗೆದರೆ ಏನೋ ಆಗತ್ತೆ." ಏನಾಗುತ್ತದೆ? ಕರ್ನಲ್‌ಗೆ ಆ ಡಿವೈಡರ್ ಯಾರು ಅಂತಲೇ ಗೊತ್ತಿಲ್ಲ. ತೆಗೆದರೂ ಏನೂ ಆಗುವುದಿಲ್ಲ, ಇಟ್ಟರೂ ಏನೂ ಆಗುವುದಿಲ್ಲ. ಆದರೂ ಅದು ಇದೆ.

ಟಿಎಸ್‌ಸಿ ಎಂದರೆ ಪ್ರೊಸೆಸರಿನ ಒಳಗೇ ಇರುವ ಮಿಂಚಿನ ವೇಗದ ಮೀಟರು. 1993ರ ಪೆಂಟಿಯಂ ಜೊತೆಗೆ ಬಂದದ್ದು. ಟಿಕ್ ಎಣಿಸುವ ಬದಲು ಈ ಮೀಟರು ಓದಿದರೆ ನಿದ್ದೆಯ ಸಮಸ್ಯೆಯೇ ಇಲ್ಲವಲ್ಲ? ಇಲ್ಲ, ಮೀಟರು ನೆಟ್ಟಗಿದ್ದಿದ್ದರೆ. ಆಗಿನ ಪ್ರೊಸೆಸರ್‌ಗಳು ವಿದ್ಯುತ್ ಉಳಿಸಲು ವೇಗ ಇಳಿಸಿದರೆ ಮೀಟರೂ ನಿಧಾನವಾಗುತ್ತಿತ್ತು, ಗಾಢನಿದ್ದೆಗೆ ಹೋದರೆ ನಿಂತೇ ಬಿಡುತ್ತಿತ್ತು. ವಿಎಂಗೆ ಇನ್ನೊಂದು ಗಂಡಾಂತರ: ಓಡುತ್ತಿರುವಾಗಲೇ ಅದನ್ನು ಎತ್ತಿ ಬೇರೆ ಹೋಸ್ಟಿಗೆ ಸಾಗಿಸುತ್ತಾರೆ. 2.4 ಗಿಗಾಹರ್ಟ್ಸ್ ಯಂತ್ರದಲ್ಲಿ ಬೂಟ್ ಆಗಿ ಸೆಕೆಂಡಿಗೆ ಇಷ್ಟು ಅಂತ ಪಾಠ ಕಲಿತದ್ದನ್ನು 3 ಗಿಗಾಹರ್ಟ್ಸ್ ಯಂತ್ರಕ್ಕೆ ಹಾಗೇ ಒಯ್ದು ಬಿಟ್ಟರೆ, ಹೊರಗೆ ಒಂದು ಗಂಟೆ ಕಳೆಯುವಾಗ ಒಳಗೆ ಒಂದೂಕಾಲು ಗಂಟೆ. ಸಂಬಳ ಗಂಟೆ ಲೆಕ್ಕದಲ್ಲಿ ಇದ್ದಿದ್ದರೆ ನಾನೂ ಅಲ್ಲೇ ಹೋಗಿ ಕೂರುತ್ತಿದ್ದೆ. ಈಗಿನ ಪ್ರೊಸೆಸರ್‌ಗಳಲ್ಲಿ ಮೀಟರು ಒಂದೇ ವೇಗದಲ್ಲಿ, ನಿಲ್ಲದೆ ಓಡುತ್ತದೆ. ಹೋಸ್ಟ್ ಬದಲಾದಾಗ ಅದಕ್ಕೆ ತಕ್ಕ ಗುಣಾಕಾರ ಮಾಡಿ ಗೆಸ್ಟಿಗೆ ಒಪ್ಪಿಸುವ ವ್ಯವಸ್ಥೆಯೂ ಸಿಲಿಕಾನಿನಲ್ಲೇ ಬಂದಿದೆ.

ಎರಡನೆಯ ರಿಪೇರಿಯವರು ಎನ್‌ಟಿಪಿ. ಇವರ ಬಗ್ಗೆ ನನಗೆ ಗೌರವ, ಹಾಗಾಗಿ ಗೇಲಿ ಸ್ವಲ್ಪ ಕಡಿಮೆ. ಡೆಲಾವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಹುಟ್ಟಿನಿಂದ ಗ್ಲಾಕೋಮ ಇದ್ದವರು, ದೃಷ್ಟಿ ಬಹಳ ಮಂದ. ಜಗತ್ತಿನ ಗಡಿಯಾರಗಳೆಲ್ಲ ನೆಟ್‌ವರ್ಕಿನ ಮೂಲಕ ಒಂದಕ್ಕೊಂದು ಹೊಂದಿಕೊಳ್ಳುವ ಈ ವಿಧಾನವನ್ನು 1985ರಲ್ಲಿ ಬರೆದುಕೊಟ್ಟು, ದಶಕಗಳ ಕಾಲ ತಿದ್ದುತ್ತಾ ಕೂತು, 2024ರ ಜನವರಿಯಲ್ಲಿ ತೀರಿಕೊಂಡರು. ಅವರ ಎನ್‌ಟಿಪಿಡಿ ಬಹಳ ಸಭ್ಯ ಪ್ರೋಗ್ರಾಮು. ಗಡಿಯಾರವನ್ನು ದರದರ ಎಳೆಯುವುದಿಲ್ಲ. ಮೆತ್ತಗೆ ತಳ್ಳುತ್ತದೆ, ಅದೂ ಹತ್ತು ಲಕ್ಷಕ್ಕೆ 500ಕ್ಕಿಂತ ಹೆಚ್ಚಿಲ್ಲ. ಆ ಗತಿಯಲ್ಲಿ ಒಂದು ನಿಮಿಷದ ತಪ್ಪು ತಿದ್ದಲು ಮೂವತ್ತಮೂರು ಗಂಟೆ ಬೇಕು. ವ್ಯತ್ಯಾಸ 128 ಮಿಲಿಸೆಕೆಂಡು ದಾಟಿ ಹಾಗೇ ಉಳಿದರೆ ಒಂದೇ ನೆಗೆತಕ್ಕೆ ಸರಿಮಾಡುತ್ತದೆ. 1000 ಸೆಕೆಂಡು ದಾಟಿದರೆ ಮಾತ್ರ, "ಇಷ್ಟು ಕೆಟ್ಟವರ ಮನೆಯಲ್ಲಿ ನಾನಿರುವುದಿಲ್ಲ, ನೀವೇ ಕೈಯಲ್ಲಿ ಸರಿಮಾಡಿಕೊಳ್ಳಿ" ಅಂತ ಲಾಗಿನಲ್ಲಿ ಒಂದು ಸಾಲು ಬರೆದಿಟ್ಟು ಎದ್ದು ಹೋಗುತ್ತದೆ. ನಿಜ ಯಂತ್ರದಲ್ಲಿ ಇದು ಘನತೆ. ವಿಎಂನಲ್ಲಿ ಅಪಾಯ, ಏಕೆಂದರೆ ಹದಿನೇಳು ನಿಮಿಷ ಮಲಗಿ ಎದ್ದ ಗೆಸ್ಟಿಗೆ ಎದ್ದ ತಕ್ಷಣ ವೈದ್ಯರೇ ಕೈಬಿಟ್ಟಂತೆ. ಅದಕ್ಕೇ ವಿಎಂಗಳಲ್ಲಿ ಟಿಂಕರ್ ಪ್ಯಾನಿಕ್ 0 ಅಂತ ಒಂದು ಸಾಲು ಬರೆದು, "ಸಿಟ್ಟು ಬೇಡ ಸ್ವಾಮಿ, ಇಲ್ಲೇ ಇರಿ" ಅಂತ ಕೇಳಿಕೊಳ್ಳುವ ಪದ್ಧತಿ.

ಮೂರನೆಯವರು ವಿಎಂವೇರ್ ಟೂಲ್ಸ್‌ನಂಥ ಮನೆಯೊಳಗಿನ ಸಹಾಯಕರು. ಸಿಂಕ್ ಆನ್ ಮಾಡಿದರೆ ನಿಮಿಷಕ್ಕೊಮ್ಮೆ ಹೋಸ್ಟಿನ ಗಂಟೆ ನೋಡಿ, ಗೆಸ್ಟ್ ಹಿಂದಿದ್ದರೆ ಮುಂದಕ್ಕೆ ನೂಕುತ್ತಾರೆ. ಎನ್‌ಟಿಪಿಡಿ ಮೆತ್ತಗೆ ತಳ್ಳುತ್ತಾ, ಸ್ಫಟಿಕದ ಗುಣ ಕಲಿಯುತ್ತಾ ಇರುವಾಗ ಇವರು ಬಂದು ಒಂದು ಗುದ್ದು. ಎನ್‌ಟಿಪಿಡಿಗೆ ದಿಕ್ಕೇ ತೋಚುವುದಿಲ್ಲ, ತಾನು ಕಲಿತದ್ದೆಲ್ಲ ತಪ್ಪೇನೋ ಅಂತ ಮತ್ತೆ ಮೊದಲಿಂದ ಶುರು. ಸಿಂಕ್ ಆಫ್ ಮಾಡಿದೆ, ಇನ್ನು ನಿಶ್ಚಿಂತೆ ಅಂದುಕೊಂಡಿರಾ? ವಿಎಂ ನಿಲ್ಲಿಸಿ ಎಬ್ಬಿಸಿದಾಗ, ಹಳೆಯ ಸ್ನ್ಯಾಪ್‌ಶಾಟಿಗೆ ಮರಳಿದಾಗ, ಟೂಲ್ಸ್ ಮರುಪ್ರಾರಂಭ ಆದಾಗ ಸಿಂಕ್ ಆಫ್ ಇದ್ದರೂ ಒಂದೊಂದು ಗುದ್ದು ಬೀಳುತ್ತದೆ. ಅದನ್ನು ನಿಲ್ಲಿಸುವ ಸೆಟ್ಟಿಂಗುಗಳೇ ಬೇರೆ.

ನಾಲ್ಕನೆಯವನು ನಮ್ಮ ಪ್ರೀತಿಯ ಕ್ರಾನ್ ವೀರ, ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ಕ್ರಾನನ್ನೇ ನೆಚ್ಚಿದವನು. ಇವನಿಗೆ ಪಾಠ ಪ್ರವಚನ ಬೇಡ. ಐದು ನಿಮಿಷಕ್ಕೊಮ್ಮೆ ಎನ್‌ಟಿಪಿಡೇಟ್ ಓಡಲಿ ಅಂತ ಒಂದು ಸಾಲು ಬರೆದು, "ಆಯ್ತು ಗುರೂ, ಸಾಲ್ವ್ಡ್" ಅಂತ ಟೀ ಕುಡಿಯಲು ಹೋಗುತ್ತಾನೆ. ಗಡಿಯಾರ ಮುಂದಿದ್ದರೆ ಈ ಸಾಲು ಅದನ್ನು ಹಿಂದಕ್ಕೆಳೆಯುತ್ತದೆ. ಕಂಪ್ಯೂಟರಿಗೆ ಕಾಲ ಹಿಂದಕ್ಕೆ ಹೋಗುವುದು ಅಂದರೆ ಏನು ಗೊತ್ತೆ? ಮೇಕ್ ಪ್ರೋಗ್ರಾಮು, ನಾಳೆ ಹುಟ್ಟಬೇಕಾದ ಫೈಲು ಇವತ್ತೇ ಹೇಗೆ ಬಂತು ಅಂತ ಗೊಣಗುತ್ತದೆ. ಡೇಟಾಬೇಸಿನಲ್ಲಿ ಆರ್ಡರಿಗಿಂತ ಮುಂಚೆ ಡೆಲಿವರಿ. ಅಂಚೆ ಕೆಲಸದ ಡವ್‌ಕಾಟ್ ಎಂಬ ಪ್ರೋಗ್ರಾಮಿನ ಹಳೆಯ ಆವೃತ್ತಿಗಳಂತೂ, ಸಮಯ ಹಿಂದಕ್ಕೆ ಚಲಿಸಿದೆ, ಇದರಿಂದ ಬಹಳ ತೊಂದರೆ ಆಗಬಹುದು, ಆದ್ದರಿಂದ ನಾನೀಗಲೇ ಪ್ರಾಣ ಬಿಡುತ್ತೇನೆ ಅಂತ ಬರೆದಿಟ್ಟು ನಿಜಕ್ಕೂ ಪ್ರಾಣ ಬಿಡುತ್ತಿದ್ದವು. ಇಷ್ಟು ಮರ್ಯಾದಸ್ಥ ಸಾಫ್ಟ್‌ವೇರ್ ನಾನು ಇನ್ನೊಂದು ನೋಡಿಲ್ಲ.

ಇದೆಲ್ಲದರ ನಡುವೆ ನನಗೆ ಅತ್ಯಂತ ಇಷ್ಟವಾದ ಕೇಸು ವಿಂಡೋಸ್ ಡೊಮೇನ್ ಕಂಟ್ರೋಲರಿನದ್ದು. ಕಚೇರಿಯ ಎಲ್ಲ ಯಂತ್ರಗಳೂ ಗಂಟೆ ಕೇಳುವುದು ಈ ಯಜಮಾನರನ್ನು. ಖರ್ಚು ಉಳಿಸಲು ಇವರನ್ನೂ ಒಂದು ವಿಎಂ ಮಾಡಿ ಹೋಸ್ಟ್ ಒಳಗೆ ಕೂರಿಸುತ್ತಾರೆ. ಗೆಸ್ಟ್ ಆದ್ದರಿಂದ ಯಜಮಾನರು ಗಂಟೆ ಕೇಳುವುದು ಹೋಸ್ಟನ್ನು. ಹೋಸ್ಟ್ ಡೊಮೇನಿನ ಸದಸ್ಯ, ಹಾಗಾಗಿ ಅದು ಗಂಟೆ ಕೇಳುವುದು ಯಜಮಾನರನ್ನು! "ಗಂಟೆ ಎಷ್ಟು?" "ನೀವೇ ಹೇಳಿ." "ನೀವು ಹೇಳಿದ್ದೇ ಗಂಟೆ." ಇಬ್ಬರಿಗೂ ಪರಸ್ಪರ ಪೂರ್ಣ ವಿಶ್ವಾಸ, ಸ್ಕ್ರೀನಿನಲ್ಲಿ ಎಲ್ಲ ಹಸಿರು. ಇಡೀ ಕಚೇರಿ ಒಗ್ಗಟ್ಟಿನಿಂದ ನಿಧಾನಕ್ಕೆ ಬೇರೆ ಕಾಲಮಾನಕ್ಕೆ ವಲಸೆ ಹೋಗುತ್ತಿರುತ್ತದೆ. ಎಲ್ಲರೂ ಒಟ್ಟಿಗೆ ತಪ್ಪಿದ್ದಾಗ ಗುರುತು ಪರೀಕ್ಷಿಸುವ ಕೆರ್ಬರೋಸ್ ಲಾಗಿನ್ ಕೂಡ ನಡೆಯುತ್ತದೆ, ಅದಕ್ಕೆ ಐದು ನಿಮಿಷದೊಳಗಿನ ವ್ಯತ್ಯಾಸ ಅಡ್ಡಿಯಿಲ್ಲ. ಸಿಕ್ಕಿಬೀಳುವುದು ಹೊರಗಿನ ಬ್ಯಾಂಕಿನವರೋ ಬೇರೆ ಯಾರೋ ಬಂದು ತಾಳೆ ನೋಡಿದಾಗ.

ಮೊದಲು ಹೇಳಿದ ಮ್ಯಾನೇಜರರ ಸರ್ವರಿನದ್ದು ಮಾತ್ರ ಇದರ ಉಲ್ಟಾ. ಅಲ್ಲಿ ರಿಪೇರಿಯವರೇ ಇರಲಿಲ್ಲ. ಹೋಸ್ಟ್ ನೋಡಿಕೊಳ್ಳುತ್ತದೆ ಅಂತ ಲಿನಕ್ಸ್ ತಂಡ ಎನ್‌ಟಿಪಿ ತೆಗೆದಿತ್ತು. ಲಿನಕ್ಸ್ ತಂಡದವರಿದ್ದಾರಲ್ಲ ಅಂತ ಹೋಸ್ಟ್ ತಂಡ ಸಿಂಕ್ ಆಫ್ ಮಾಡಿತ್ತು. ಎರಡು ತಂಡದವರೂ ಕೂರುವುದು ಒಂದೇ ಸಾಲಿನಲ್ಲಿ, ಊಟದ ಡಬ್ಬಿ ಹಂಚಿಕೊಂಡು.

ಹಾಗಾದರೆ ಮಾಡಬೇಕಾದ್ದೇನು ಅಂತ ಕೇಳುತ್ತೀರಿ. ತುಂಬಾ ಸರಳ, ಅದಕ್ಕೇ ಯಾರೂ ಮಾಡುವುದಿಲ್ಲ. ಹೋಸ್ಟಿನ ಗಡಿಯಾರವನ್ನು ಮೊದಲು ಸರಿ ಇಡಿ. ಅದು ಹೊರಗಿನ ಸರ್ವರ್‌ಗಳನ್ನು ಕೇಳಲಿ, ತನ್ನೊಳಗಿನ ಗೆಸ್ಟನ್ನಲ್ಲ. ಗೆಸ್ಟಿಗೆ ಟಿಕ್ ಎಣಿಸುವ ಕೆಲಸ ಈಗ ಬೇಕಾಗಿಯೇ ಇಲ್ಲ. 2008ರ ಹೊತ್ತಿಗೆ ಲಿನಕ್ಸಿಗೆ, ಅದರದೇ ಹೈಪರ್‌ವೈಸರ್ ಆದ ಕೆವಿಎಂನ ಗೆಸ್ಟ್‌ಗಳಿಗಾಗಿ, ಕೆವಿಎಂ-ಕ್ಲಾಕ್ ಬಂತು: ಹೋಸ್ಟ್ ಮೆಮೊರಿಯ ಒಂದು ಪುಟದಲ್ಲಿ, ಮೀಟರು ಇಷ್ಟಿದ್ದಾಗ ಗಂಟೆ ಇಷ್ಟು, ಮುಂದಕ್ಕೆ ಇಷ್ಟರಿಂದ ಗುಣಿಸು ಅಂತ ಬರೆದಿಡುತ್ತದೆ, ಗೆಸ್ಟ್ ಓದಿಕೊಳ್ಳುತ್ತದೆ. ಬರೆಯುತ್ತಿರುವಾಗ ಪುಟದ ಮೇಲಿನ ಆವೃತ್ತಿ ಸಂಖ್ಯೆ ಬೆಸ, ಬರೆದು ಮುಗಿದ ಮೇಲೆ ಸಮ. ಬೆಸ ಕಂಡರೆ ಗೆಸ್ಟ್ ತಾಳ್ಮೆಯಿಂದ ಇನ್ನೊಮ್ಮೆ ಓದುತ್ತದೆ. ಮೈಕ್ರೋಸಾಫ್ಟಿನ ಹೈಪರ್-ವಿಯಲ್ಲೂ ಇಂಥದ್ದೇ ಪುಟ ಇದೆ. ವಿಎಂಗೆ ತಾನು ವಿಎಂ ಅಂತ ಗೊತ್ತಾಗಬಾರದು ಅನ್ನುವ ಹಳೇ ಮಡಿಯನ್ನು ಬಿಟ್ಟು, "ನೀನು ಬಾಡಿಗೆಗೆ ಇದ್ದೀಯಪ್ಪ, ಗಂಟೆ ಗೋಡೆ ಮೇಲಿದೆ, ನೋಡಿಕೋ" ಅಂತ ಬಾಯಿಬಿಟ್ಟು ಹೇಳಿದ್ದೇ ದೊಡ್ಡ ಪರಿಹಾರವಾಯಿತು.

ಅದರ ಮೇಲೆ ತಿದ್ದುಗಾರ ಒಬ್ಬನೇ ಇರಲಿ. ಈಗ ಬಹುಪಾಲು ಕಡೆ ಆ ಒಬ್ಬ ಕ್ರೋನಿ. ರಿಚರ್ಡ್ ಕರ್ನೋ ಬರೆದದ್ದು. 2019ರ ರೆಡ್‌ಹ್ಯಾಟ್ 8ರಲ್ಲಿ ಎನ್‌ಟಿಪಿಡಿಯನ್ನು ಪೂರ್ತಿ ಕೈಬಿಟ್ಟು ಇವನನ್ನೇ ಉಳಿಸಿಕೊಂಡರು. ಎನ್‌ಟಿಪಿಡಿಯಷ್ಟು ಮಡಿವಂತ ಅಲ್ಲ. ಅವರು ಮೂವತ್ತಮೂರು ಗಂಟೆ ತೆಗೆದುಕೊಳ್ಳುವ ಒಂದು ನಿಮಿಷದ ತಪ್ಪನ್ನು ಇವನು ಹನ್ನೆರಡು ನಿಮಿಷದಲ್ಲಿ, ಹಾರದೆಯೇ ಸರಿದೂಗಿಸಬಲ್ಲ. ಮೇಕ್‌ಸ್ಟೆಪ್ 1.0 3 ಅಂತ ಬರೆದರೆ ಬೂಟ್ ಆದ ಮೊದಲ ಮೂರು ಅಳತೆಗಳಲ್ಲಿ ಮಾತ್ರ ಹಾರುತ್ತಾನೆ, ಆಮೇಲೆ ಸದ್ಗೃಹಸ್ಥ. ಆಗಾಗ ನಿಲ್ಲಿಸಿ ಎಬ್ಬಿಸುವ ವಿಎಂ ಆದರೆ ಆ ಮೂರನ್ನು -1 ಮಾಡಿ, ಯಾವಾಗ ಬೇಕಾದರೂ ಹಾರುವ ಪರವಾನಗಿ ಕೊಡಬೇಕು. 2017ರಿಂದ ಕೆವಿಎಂ ಗೆಸ್ಟಿಗೆ ಪಿಟಿಪಿ-ಕೆವಿಎಂ ಅನ್ನುವ ಕಿಟಕಿಯೂ ಇದೆ. ಕ್ರೋನಿ ನೆಟ್‌ವರ್ಕಿಗೆ ಹೋಗುವ ಬದಲು ಅಲ್ಲಿಂದಲೇ ಹೋಸ್ಟಿನ ಗಡಿಯಾರವನ್ನು ಇಣುಕುತ್ತಾನೆ. ಉಳಿದ ಟೂಲ್ಸು, ಕ್ರಾನು, ಮಂತ್ರ ಎಲ್ಲಕ್ಕೂ ನಿವೃತ್ತಿ ಕೊಡಿ, ಶಾಲು ಹೊದಿಸಿ.

ಭಾರತದಲ್ಲಿ ಇದು ಈಗ ಬರೀ ರುಚಿಯ ಪ್ರಶ್ನೆಯೂ ಅಲ್ಲ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು ತಮ್ಮ ಯಂತ್ರಗಳ ಗಂಟೆಯನ್ನು ಎನ್‌ಐಸಿ ಅಥವಾ ದೆಹಲಿಯ ಎನ್‌ಪಿಎಲ್ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಬೇರೆ ಸರ್ವರ್‌ಗಳಿಗೆ ಹೊಂದಿಸಬೇಕು. ಭಾರತೀಯ ಕಾಲಮಾನವನ್ನು ಸೀಸಿಯಂ ಗಡಿಯಾರಗಳಲ್ಲಿ ಕಾಪಾಡಿಕೊಂಡು ಬಂದಿರುವುದು ಈ ಎನ್‌ಪಿಎಲ್, ಅಂದರೆ ರಾಷ್ಟ್ರೀಯ ಭೌತ ಪ್ರಯೋಗಾಲಯ. ಆದೇಶ ಬಂದ ವಾರ ಎಲ್ಲ ಕಚೇರಿಗಳಲ್ಲೂ "ನಮ್ಮ ಗಂಟೆ ಎಲ್ಲಿಂದ ಬರುತ್ತಿದೆ?" ಅಂತ ಮೀಟಿಂಗು. ಆಡಿಟರ್ ಬಂದು ಸ್ಕ್ರೀನ್‌ಶಾಟ್ ಕೇಳುತ್ತಾರೆ. ಸ್ಕ್ರೀನ್‌ಶಾಟಿನಲ್ಲಿರುವ ಗಂಟೆ ಸರಿಯಾ ಅಂತ ಮಾತ್ರ ಕೇಳುವುದಿಲ್ಲ.

ಕಡೆಯದಾಗಿ ಒಂದು ಒಟಿಪಿ ಪ್ರಸಂಗ. ಸರ್ವರಿಗೆ ಲಾಗಿನ್ ಆಗಲು ಮೊಬೈಲಿನ ಆಥೆಂಟಿಕೇಟರ್ ಕೊಡುವ ಆರಂಕಿ ಹಾಕಬೇಕು. ಆ ಆರಂಕಿ ಹುಟ್ಟುವುದೇ ಗಡಿಯಾರದಿಂದ, 30 ಸೆಕೆಂಡಿಗೊಮ್ಮೆ ಬದಲು, ಎರಡೂ ಕಡೆ ಗಂಟೆ ಒಂದೇ ಇದ್ದರಷ್ಟೇ ಹೊಂದುತ್ತದೆ. ಒಬ್ಬ ಹುಡುಗನ ಪಾಲಿಗೆ ಬಂದದ್ದು ಆರು ನಿಮಿಷ ಹಿಂದಿದ್ದ ವಿಎಂ. ಗಂಟೆ ಸರಿಮಾಡಲು ಒಳಗೆ ಹೋಗಬೇಕು, ಒಳಗೆ ಹೋಗಲು ಗಂಟೆ ಸರಿ ಇರಬೇಕು. ಹುಡುಗ ಚುರುಕು. ತನ್ನ ಮೊಬೈಲಿನ ಗಡಿಯಾರವನ್ನೇ ಆರು ನಿಮಿಷ ಹಿಂದಕ್ಕೆ ತಿರುಗಿಸಿ, ಬಂದ ಆರಂಕಿ ಒತ್ತಿ ಒಳಗೆ ಹೋದ. ಕ್ರೋನಿ ಹಾಕಿದ, ಗಂಟೆ ಸರಿಮಾಡಿದ, ಸಂಭ್ರಮದಿಂದ ಹೊರಬಿದ್ದ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡೋಣ ಅಂತ ಲಾಗಿನ್ ಆಗಲು ಹೋದರೆ ಒಟಿಪಿ ತಪ್ಪು. ಮತ್ತೆ ಹಾಕಿದ, ತಪ್ಪು. ಮೊಬೈಲು ಇನ್ನೂ ಆರು ನಿಮಿಷ ಹಿಂದೆಯೇ ಇತ್ತು. ಅವನಿಗದು ನೆನಪಾಗಲಿಲ್ಲ, ಸರ್ವರಿನ ಟೈಮು ಮತ್ತೆ ಹಾಳಾಗಿದೆ ಅಂತ ಟಿಕೆಟ್ ಹಾಕಿದ. ಪ್ರಯಾರಿಟಿ ಒಂದು.